ಎಡಗಡೆಯ ಚಕ್ರ

ಮಾರ್ಚ್ ೪, ಸೋಮವಾರ

ಬರೆಯುವ ಚಾಳಿ ನನ್ನದಲ್ಲ. ಬಾಯಲ್ಲಿ ಮುಗಿಯುವ ಕೆಲಸಕ್ಕೆ ಕಾಗದ ಯಾಕೆ ದಂಡ ಮಾಡಬೇಕು? ಹೆಗಲ ಮೇಲೆ ತುಂಡು ಬಟ್ಟೆಯ ಗಂಟು ಹೊತ್ತು ಬಾಗಿಲು ಬಾಗಿಲು ತಟ್ಟಿದವಳು ನಾನು. ಬೇಡ ಎಂದು ಬಾಗಿಲು ಹಾಕಿಕೊಂಡವಳನ್ನೂ ಮಾತಾಡಿಸಿ, ಅವಳ ಕೈಯಿಂದಲೇ ನೀರು ತರಿಸಿ ಕುಡಿದು, ಎರಡು ತುಂಡು ಮಾರಿಯೇ ಮೆಟ್ಟಿಲಿಳಿಯುತ್ತಿದ್ದೆ. ಆ ಗಂಟೇ ಆಮೇಲೆ ಅಂಗಡಿಯಾಯಿತು. ಈಗಲೂ ಕಣ್ಣು ಮುಚ್ಚಿ ಬೆರಳಾಡಿಸಿದರೆ ಬಟ್ಟೆಯ ಮೇಲ್ಮಗ್ಗುಲು ಯಾವುದು, ಒಳಮಗ್ಗುಲು ಯಾವುದು ಹೇಳಬಲ್ಲೆ.

ಅಂಗಡಿಗೆ ಬೀಗ ಬಿದ್ದಿದೆ. ಇವರಿಗೆ ಲಕ್ವ ಹೊಡೆದ ದಿನ ಹಾಕಿದ ಬೀಗ. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಬೆಳಗ್ಗೆ ಹೋದವು. ಮಾತಿನಲ್ಲಿ ಇವರು ಮೊದಲೂ ಜಿಪುಣರೇ. ನಾನು ನೂರು ಖರ್ಚು ಮಾಡಿದರೆ ಇವರು ಒಂದು. ಆದರೂ ಆ ಒಂದು ಇತ್ತಲ್ಲ. ಈಗ ಬೆಳಗ್ಗಿನಿಂದ ಸಂಜೆವರೆಗೆ ಆಡುವವಳೂ ನಾನೇ, ಹೂಂಗುಟ್ಟುವವಳೂ ನಾನೇ. ಇವತ್ತು ಅಡುಗೆಮನೆಯ ನಲ್ಲಿಗೆ, ‘ಸಾಕು ಮಾರಾಯ, ನಿಲ್ಲು’ ಎಂದೆ. ಹೀಗಾದರೆ ಆಗದು ಎಂದು ಈ ಪುಸ್ತಕ ತೆಗೆದೆ.

ಮೈದುನ ಬಂದಿದ್ದ. ಅವನು ಬರಿಗೈಯಲ್ಲಿ ಬಂದರೂ ಸಲಹೆ ಇಲ್ಲದೆ ಬರುವವನಲ್ಲ.

“ಅತ್ತಿಗೆ, ಮನೆ ಮಾಲೀಕರು ಕಾರಿನ ಶೆಡ್ಡು ಕೆಡವ್ತಾರಂತೆ. ತಿಂಗಳ ಕೊನೆಗೆ ಖಾಲಿ ಮಾಡ್ಬೇಕು. ಆ ಕಾರಿಗೆ ಒಂದು ಗತಿ ಕಾಣಿಸಿ.”

“ಗತಿ ಅಂದ್ರೆ?”

“ಹಿಂದಿನ ಎರಡು ಚಕ್ರ ಕಚ್ಕೊಂಡು ಕೂತಿವೆ. ತಳ್ಳೋಕಾಗಲ್ಲ, ಈ ಓಣಿಗೆ ಕ್ರೇನ್ ಬರಲ್ಲ. ಗುಜರಿಯವನಿಗೆ ಹೇಳಿದ್ದೀನಿ. ಇಲ್ಲೇ ಗ್ಯಾಸ್ ಹಚ್ಚಿ ಕತ್ತರಿಸಿ, ತುಂಡು ತುಂಡು ಮಾಡಿ ಹೊತ್ಕೊಂಡು ಹೋಗ್ತಾನೆ. ನಿಮಗೆ ಒಂದು ಕಡ್ಡಿ ಕೆಲಸ ಇಲ್ಲ.”

ನನಗೇನೂ ಅನ್ನಿಸಲಿಲ್ಲ. ಆ ಕಾರಿಗೆ ನಾನಿಟ್ಟ ಹೆಸರೇ ಸವತಿ. ನಮ್ಮ ಮದುವೆಗಿಂತ ಹಳೆಯದು. ರಜೆ ಬಂತೆಂದರೆ ಇವರು ಅದರ ಕೆಳಗೆ ಮಲಗುತ್ತಿದ್ದರು. ಊಟಕ್ಕೆ ಕರೆಯಲು ಹೋದರೆ ಕಾಣುತ್ತಿದ್ದದ್ದು ಎರಡು ಅಂಗಾಲು. ಇಷ್ಟು ವರ್ಷ ನಾನು ಸಂಸಾರ ಮಾಡಿದ್ದು ಎರಡು ಅಂಗಾಲಿನ ಜೊತೆ ಎಂದು ಅಂಗಡಿಯಲ್ಲಿ ಹೇಳಿ ಗಿರಾಕಿಗಳನ್ನು ನಗಿಸುತ್ತಿದ್ದೆ.

ಮೈದುನ ಹೋದಮೇಲೆ ನೋಡಿದರೆ ಇವರು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದರು.

ಮಾರ್ಚ್ ೬, ಬುಧವಾರ

ತಿನ್ನುತ್ತಿಲ್ಲ. ಚಮಚ ತುಟಿಗೆ ತಾಗಿಸಿದರೆ ಹಲ್ಲು ಕಚ್ಚಿಕೊಳ್ಳುತ್ತಾರೆ. ಗದರಿಸಿದೆ, ಗೋಗರೆದೆ, ನಗಿಸಲು ನೋಡಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಕೈಕಾಲಿನ ವ್ಯಾಯಾಮ ಮಾಡಿಸಲು ಬರುವ ಟೀಚರಮ್ಮ ಇವರ ಎಡಗೈ ಹಿಡಿದು ನೋಡಿ, “ಮೊನ್ನೆವರೆಗೂ ನನ್ನ ಬೆರಳು ಎಷ್ಟು ಗಟ್ಟಿಯಾಗಿ ಹಿಡೀತಿದ್ರು. ಈಗ ಬೇಕಿಲ್ಲ ಅನ್ನೋ ಹಾಗೆ ಬಿಟ್ಟುಬಿಡ್ತಾರೆ. ಏನಾಯ್ತಮ್ಮಾ?” ಎಂದಳು.

ಕಾರಿನ ವಿಷಯ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. “ಹೀಗೇ ಬಿಟ್ಟುಬಿಟ್ರೆ ಆ ಕೈನೂ ಉಳಿಯಲ್ಲ. ಮನಸ್ಸು ಬೇಡ ಅಂದಮೇಲೆ ನಾನು ಎಷ್ಟು ಎಳೆದ್ರೂ ಅಷ್ಟೇ” ಎಂದಳು.

ಸರಿ. ಲೆಕ್ಕ ಸ್ಪಷ್ಟವಾಯಿತು. ಸವತಿಯನ್ನು ಇವರ ಕಣ್ಣೆದುರು ಕತ್ತರಿಸಿದರೆ ನನಗೆ ಶೆಡ್ಡು ಖಾಲಿಯಾಗುತ್ತದೆ, ಮನೆಯೂ ಖಾಲಿಯಾಗುತ್ತದೆ. ಇದು ನಷ್ಟದ ವ್ಯಾಪಾರ.

ಮಾರ್ಚ್ ೭, ಗುರುವಾರ

ದೊಡ್ಡ ರಸ್ತೆಯ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಒಂದು ಹೊಸ ಕಾರಿಗೆ ವೈರು ಚುಚ್ಚಿ ಕಂಪ್ಯೂಟರ್ ನೋಡುತ್ತಿದ್ದ.

“ಅಮ್ಮಾ, ಅದು ನಮ್ಮ ಅಜ್ಜನ ಕಾಲದ ಗಾಡಿ. ಮುಟ್ಟಿದ್ರೆ ನನ್ನ ವಾರ ಮುಗೀತು. ಇಲ್ಲಿ ನೋಡಿ ಎಷ್ಟು ನಿಂತಿವೆ.”

“ಇರಿಸ್ಕೊಳ್ಳೋಕೆ ಜಾಗ ಇದೆಯಲ್ಲಾ ಹಿಂದೆ?”

“ಜಾಗ ಇದೆ. ಆದ್ರೆ ತರೋದು ಹೇಗೆ? ಚಕ್ರ ಉರುಳಬೇಕಲ್ಲ.”

“ಉರುಳಿಸಿಕೊಟ್ರೆ?”

ಅವನು ನಕ್ಕ. “ಉರುಳಿಸಿಕೊಟ್ರೆ ನಾನೇ ನಾಲ್ಕು ಜನ ಕರ್ಕೊಂಡು ಬಂದು ತಳ್ಳಿಸ್ಕೊಂಡು ಹೋಗ್ತೀನಿ. ಬಿಡುವಾದಾಗ ಒಂದೊಂದೇ ಕೆಲಸ ನೋಡೋಣ.”

ನಕ್ಕವನ ಮಾತನ್ನು ತಕ್ಷಣ ಗಂಟು ಹಾಕಿಕೊಳ್ಳಬೇಕು. ನಗು ನಿಂತಮೇಲೆ ಮನುಷ್ಯ ಯೋಚಿಸತೊಡಗುತ್ತಾನೆ. ಅವನ ಬೆಂಚಿನ ಮೇಲಿನ ಹರಿದ ಹೊದಿಕೆಗೆ ಗಟ್ಟಿ ಬಟ್ಟೆ ನನ್ನದು, ಹಿತ್ತಲ ಜಾಗ ಅವನದು ಎಂದು ಅಲ್ಲೇ ಮಾತು ಮುಗಿಸಿದೆ. ಹೇಗೆ ಬಿಚ್ಚುವುದೆಂದು ಕೇಳಿದೆ. ಜಾಕ್ ಎಲ್ಲಿ ಕೊಡಬೇಕು, ನಟ್ಟಿಗೆ ಎಣ್ಣೆ ಹೇಗೆ ಕುಡಿಸಬೇಕು, ಒಳಗಿನ ಬ್ರೇಕಿನ ಡಬ್ಬಿಯನ್ನು ಅಂಚಿಗೆ ತಟ್ಟಿ ತಟ್ಟಿ ಹೇಗೆ ಎಬ್ಬಿಸಬೇಕು, ಎಲ್ಲ ತೋರಿಸಿದ. “ಮೊದಲು ಎಣ್ಣೆ ಹಾಕಿ ಸುಮ್ನೆ ಬಿಡಿ. ಅವಸರ ಮಾಡ್ಬೇಡಿ” ಎಂದ. ಸುಮ್ಮನೆ ಬಿಡುವುದು ಹೇಗೆಂದು ಮಾತ್ರ ಯಾರೂ ತೋರಿಸುವುದಿಲ್ಲ.

ಮನೆಗೆ ಬಂದು, “ರೀ, ನಿಮ್ಮ ಕಾರನ್ನ ಯಾರೂ ಕತ್ತರಿಸಲ್ಲ. ನಾನು ಚಕ್ರ ಬಿಚ್ತೀನಿ” ಎಂದೆ. ಗೋಡೆಯ ಕಡೆಯ ಮುಖ ನಿಧಾನಕ್ಕೆ ಈ ಕಡೆ ತಿರುಗಿತು. ನಂಬಿಕೆಯಿಂದೇನೂ ಅಲ್ಲ. ಅದಕ್ಕಿಂತ ಹೆಚ್ಚು ಗಾಬರಿಯಿಂದ.

ಎರಡು ಚಮಚ ತಿಂದರು.

ಮಾರ್ಚ್ ೯, ಶನಿವಾರ

ಇವರ ಹತ್ಯಾರದ ಪೆಟ್ಟಿಗೆ ತೆಗೆದೆ. ಮದುವೆಯಾದಾಗಿನಿಂದ ನಾನು ಮುಟ್ಟದ ಪೆಟ್ಟಿಗೆ ಅದೊಂದೇ. ನಟ್ಟು ಬಿಚ್ಚುವ ಒಂದೊಂದು ಪಾನವನ್ನೂ ಒಂದೊಂದು ಬಟ್ಟೆಚೂರಿನಲ್ಲಿ ಸುತ್ತಿಟ್ಟಿದ್ದಾರೆ. ಎಲ್ಲ ನನ್ನ ಅಂಗಡಿಯ ಚೂರುಗಳೇ. ಆ ನೀಲಿ ಚೌಕುಳಿ ನಾನು ಗಂಟು ಹೊರುತ್ತಿದ್ದ ಕಾಲದ್ದು. ಮುತ್ತಿನ ಬಣ್ಣದ ಪಾಪ್ಲಿನ್ ಅಂಗಡಿ ತೆರೆದ ವರ್ಷದ್ದು. ಮಾರಾಟವಾಗದೆ ಕೂತು ನನ್ನನ್ನು ಅಳಿಸಿದ ಆ ಹಳದಿ ಹೂವಿನ ಬಟ್ಟೆಯೂ ಇದೆ, ಸುತ್ತಿಗೆಯ ಹಿಡಿಗೆ.

ಕಸಕ್ಕೆ ಹೋಯಿತೆಂದು ನಾನು ಖರ್ಚು ಬರೆದದ್ದನ್ನೆಲ್ಲ ಇವರು ಎತ್ತಿಟ್ಟುಕೊಂಡಿದ್ದಾರೆ. ಒಂದು ಮಾತು ಹೇಳಬಾರದಿತ್ತೇ?

ಎಣ್ಣೆ ಹಾಕಿದೆ. ಹ್ಯಾಂಡ್‌ಬ್ರೇಕ್ ಎಳೆದೇ ಇತ್ತು, ಬಿಟ್ಟೆ. ಚಕ್ರಗಳು ಮಾತ್ರ ಹಾಗೇ ಕಚ್ಚಿಕೊಂಡಿವೆ.

ಮಾರ್ಚ್ ೧೩, ಬುಧವಾರ

ಗೆದ್ದೆ! ಬಲಗಡೆಯದು ಬಂತು!

ಮೂರು ದಿನ ಎಣ್ಣೆ ಕುಡಿಸಿ ಇವತ್ತು ಪಾನ ಹಾಕಿ ಅದರ ಹಿಡಿಯ ಮೇಲೆ ನನ್ನ ಇಡೀ ಭಾರ ಬಿಟ್ಟೆ. ಈ ಭಾರವನ್ನು ಇಷ್ಟು ದಿನ ಸುಮ್ಮನೆ ಹೊತ್ತು ತಿರುಗಿದ್ದೆನಲ್ಲ! ಕಿರ್ರ್ ಎಂದು ಕೂಗಿ ಸಡಿಲವಾಯಿತು. ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಬೇಕು, ಬಾಟಲಿಯ ಮುಚ್ಚಳದ ಹಾಗೆ, ಅಷ್ಟೇ ವಿದ್ಯೆ. ಚಕ್ರ ತೆಗೆದು ಬ್ರೇಕಿನ ಡಬ್ಬಿಯನ್ನು ಹಳದಿ ಹೂವಿನ ಸುತ್ತಿಗೆಯಿಂದ ಸುತ್ತಲೂ ತಟ್ಟಿದೆ. ತುಕ್ಕು ಉದುರಿತು. ಕೈಯಲ್ಲಿ ತಿರುಗಿಸಿದರೆ ತಿರುಗುತ್ತದೆ. ಚಕ್ರವನ್ನು ಮತ್ತೆ ಹಾಕಿ ಬಂದೆ.

ಆ ಮಗ್ಗುಲು ಕೋಣೆಯ ಕಿಟಕಿಗೆ ಕಾಣುವುದಿಲ್ಲ. ಓಡಿ ಬಂದು ನಟ್ಟು ನಟ್ಟಿನ ಕಥೆಯನ್ನೂ ಇವರಿಗೆ ಹೇಳಿದೆ. ಕೇಳುತ್ತ ಕೇಳುತ್ತ ಒಂದು ಬಟ್ಟಲು ತಿಂದು ಮುಗಿಸಿದರು. ಎಡಗಡೆಯದು ಕಿಟಕಿಗೆ ಎದುರೇ ಇದೆ. “ನಾಳೆಯಿಂದ ಕೂತು ನೋಡಿ, ನಿಮ್ಮ ಹೆಂಡತಿ ಏನು ಅಂತ” ಎಂದೆ.

ಮಾರ್ಚ್ ೧೬, ಶನಿವಾರ

ಎಡಗಡೆಯದು ಜಪ್ಪಯ್ಯ ಎಂದರೂ ಅಲುಗುತ್ತಿಲ್ಲ. ಉಡದ ಪಟ್ಟು. ಅದೇ ಎಣ್ಣೆ, ಅದೇ ಪಾನ, ಅದೇ ನಾನು.

ಇವರನ್ನು ಗಾಲಿಕುರ್ಚಿಯಲ್ಲಿ ಕಿಟಕಿಗೆ ಕೂರಿಸಿದ್ದೆ. ಸ್ವಲ್ಪ ಹೊತ್ತಿಗೆ ಎಡಗೈಯಿಂದ ಕಿಟಕಿಯ ಸರಳು ಬಡಿಯತೊಡಗಿದರು. ಓಡಿ ಹೋದೆ. ತೋರುಬೆರಳು ಎತ್ತಿ ಗಾಳಿಯಲ್ಲಿ ಸುತ್ತಿಸಿದರು.

“ಫ್ಯಾನ್ ಆರಿಸಬೇಕಾ? ಚಳಿಯಾಯ್ತಾ?” ಆರಿಸಿ ಬಂದೆ. ಮತ್ತೆ ಬಡಿತ. “ಹಾಗಾದ್ರೆ ಜೋರು ಮಾಡ್ಬೇಕಾ?” ಜೋರು ಮಾಡಿ ಬಂದೆ. ಮತ್ತೆ. ರೇಡಿಯೊದ ಗುಂಡಿ ತಿರುಗಿಸಿದೆ. ನಿಂತ ಗಡಿಯಾರಕ್ಕೆ ಕೀಲಿ ಕೊಟ್ಟೆ. ಕುರ್ಚಿಯನ್ನೇ ಒಂದು ಸುತ್ತು ತಿರುಗಿಸಿದೆ. ಕೊನೆಗೆ ಕಣ್ಣು ಮುಚ್ಚಿಕೊಂಡು ಕೈಯನ್ನು ತೊಡೆಯ ಮೇಲೆ ಇಟ್ಟುಬಿಟ್ಟರು.

ಬಾಗಿಲಲ್ಲಿ ನಿಂತಿದ್ದ ಟೀಚರಮ್ಮ, “ಅಮ್ಮಾ, ನೀವು ಪ್ರಶ್ನೆನೂ ಕೇಳ್ತೀರಿ, ಉತ್ತರನೂ ಹೇಳ್ತೀರಿ. ಒಂದು ಕೇಳಿ ಸ್ವಲ್ಪ ಹೊತ್ತು ಸುಮ್ನಿರಿ” ಎಂದಳು.

ನನ್ನ ಗಂಡನ ಮನಸ್ಸು ನನಗೆ ಇವಳು ಹೇಳಿಕೊಡಬೇಕು! ಸುಮ್ಮನಿದ್ದರೆ ಈ ಮನೆಯಲ್ಲಿ ಏನು ಕೇಳಿಸುತ್ತದೆ ಎಂದು ಅವಳಿಗೇನು ಗೊತ್ತು? ಅವಳು ಬಂದು ಹೋಗುವವಳು.

ಮಾರ್ಚ್ ೧೯, ಮಂಗಳವಾರ

ಮೈದುನ ಬಂದ. ಶೆಡ್ಡಿನ ಬಾಗಿಲಲ್ಲಿ ನಿಂತು ನನ್ನ ಕೈ, ಸೀರೆ, ಮೂಗು ನೋಡಿ, “ಅತ್ತಿಗೆ, ಮುಖಕ್ಕೆಲ್ಲ ಗ್ರೀಸು” ಎಂದ.

“ಬಣ್ಣ ಚೆನ್ನಾಗಿದೆಯಲ್ಲ? ತೊಳೆದ್ರೂ ಹೋಗಲ್ಲ, ಗ್ಯಾರಂಟಿ ಮಾಲು.”

“ತಮಾಷೆ ಸಾಕು. ಗುಜರಿಯವನಿಗೆ ಮೂವತ್ತೊಂದಕ್ಕೆ ಬಾ ಅಂದಿದ್ದೀನಿ. ನಿಮ್ಮ ಕೈಲಿ ಆಗದಿದ್ರೆ ಅವನು ಕತ್ತರಿಸ್ತಾನೆ. ನಾನೇನು ಶತ್ರುನಾ? ಅಣ್ಣನ್ನ ಆ ಹೊತ್ತಿಗೆ ನಮ್ಮನೆಗೆ ಕರ್ಕೊಂಡು ಹೋಗಿರ್ತೀನಿ, ನೋಡೋದು ಬೇಡ.”

ಒಳ್ಳೆಯವನೇ. ಆದರೆ ಒಳಗೆ ಹೋಗಿ ಅಣ್ಣನ ಹತ್ತಿರ ಒಂದು ಕ್ಷಣ ಕೂರಲಿಲ್ಲ. ಯಾರೂ ಕೂರುವುದಿಲ್ಲ. ಮಾತು ಬಾರದವರ ಎದುರು ಏನು ಮಾಡಬೇಕೆಂದು ತೋಚದೆ, ನನ್ನ ಹತ್ತಿರ ಅವರ ಆರೋಗ್ಯ ವಿಚಾರಿಸಿ ಹೋಗುತ್ತಾರೆ. ಅಂಗಡಿಯ ಗಿರಾಕಿಗಳೂ ಮೊದಮೊದಲು ಬರುತ್ತಿದ್ದರು. ಈಗ ರಸ್ತೆಯಲ್ಲಿ ಸಿಕ್ಕರೆ, “ಅಂಗಡಿ ಯಾವಾಗ ತೆಗೀತೀರಿ?” ಅಷ್ಟೇ. ಅವರು ಬರುತ್ತಿದ್ದದ್ದು ಬಟ್ಟೆಗೋ ನನಗೋ ಎಂದು ಇಷ್ಟು ವರ್ಷ ನಾನು ಅಳೆದೇ ನೋಡಿರಲಿಲ್ಲ.

ಎಡಗಡೆ: ಇಲ್ಲ.

ಮಾರ್ಚ್ ೨೨, ಶುಕ್ರವಾರ

ಇವತ್ತು ತಿಳಿಯಿತು! ಬೆರಳು ಸುತ್ತಿಸುವುದು ಫ್ಯಾನಿಗೂ ಅಲ್ಲ, ರೇಡಿಯೊಗೂ ಅಲ್ಲ. ನಟ್ಟಿಗೆ! ನಾನು ಪಾನ ಹಾಕಿದಾಗ ಮಾತ್ರ ಸರಳು ಬಡಿಯುತ್ತಾರೆ. ಶೆಡ್ಡಿನಿಂದ ತಲೆ ಎತ್ತಿ ನೋಡಿದೆ. ಕಿಟಕಿಯಲ್ಲಿ ಬೆರಳು ಸುತ್ತುತ್ತಿತ್ತು, ನಾನು ತಿರುಗಿಸುತ್ತಿದ್ದ ಕಡೆಗೇ. ತಿರುಗಿಸು, ಬಿಡಬೇಡ, ತಿರುಗಿಸು ಎಂದು ಹುರಿದುಂಬಿಸುತ್ತಿದ್ದಾರೆ! ಇಷ್ಟು ವರ್ಷದಲ್ಲಿ ನನ್ನ ಕೆಲಸಕ್ಕೆ ಇವರು ಭೇಷ್ ಎಂದದ್ದು ಇದೇ ಮೊದಲು. ಕಣ್ಣಲ್ಲಿ ನೀರು ಬಂತು. ಗ್ರೀಸಿನ ಕೈಯಲ್ಲಿ ಒರೆಸಿಕೊಂಡು ಇನ್ನಷ್ಟು ಉರಿಸಿಕೊಂಡೆ.

ಗ್ಯಾರೇಜಿಗೆ ಓಡಿದೆ. ಮೆಕ್ಯಾನಿಕ್ ಒಂದು ಉದ್ದ ಕಬ್ಬಿಣದ ಪೈಪು ಕೊಟ್ಟ. ಪಾನದ ಹಿಡಿಗೆ ತೊಡಿಸಿ ಅದರ ತುದಿ ಅದುಮಬೇಕಂತೆ. ಹಿಡಿ ಉದ್ದವಾದಷ್ಟು ಬಲ ಹೆಚ್ಚು. “ಇದಕ್ಕೂ ಬಗ್ಗದ ನಟ್ಟು ಇನ್ನೂ ಹುಟ್ಟಿಲ್ಲಮ್ಮಾ” ಎಂದ.

ಮಾರ್ಚ್ ೨೩, ಶನಿವಾರ

ಮುರಿದುಹೋಯಿತು.

ಪೈಪಿನ ತುದಿಗೆ ಜೋತುಬಿದ್ದೆ. ಮೊದಲು ಮೆಲ್ಲಗೆ ಅಲುಗಿತು. ಬಂತು ಬಂತು ಎಂದು ಕೂಗಿದೆ. ಟಕ್ ಎಂದಿತು. ನಾನು ಪೈಪಿನ ಸಮೇತ ನೆಲದ ಮೇಲೆ. ಬೋಲ್ಟು ತುಂಡಾಗಿ, ನಟ್ಟು ಒಂದು ಚೂರು ಬೋಲ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಉರುಳಿ ಬಂದು ನನ್ನ ಕಾಲಿಗೆ ತಾಗಿತು.

ಕಿಟಕಿ ನೋಡಲು ಧೈರ್ಯ ಬರಲಿಲ್ಲ.

ಮಾರ್ಚ್ ೨೪, ಭಾನುವಾರ

ಏನೂ ಬರೆಯುವುದಿಲ್ಲ. ಏನೂ ಮಾತಾಡಲಿಲ್ಲ ಕೂಡ.

ಮಾರ್ಚ್ ೨೫, ಸೋಮವಾರ

ಇವತ್ತಿನದನ್ನು ನಿಧಾನಕ್ಕೆ ಬರೆಯಬೇಕು.

ಬೆಳಗ್ಗೆ ಇವರಿಗೆ ಮುಖ ತೊಳೆಸಿ, ತಿನ್ನಿಸಿ, ಕಿಟಕಿಗೆ ಕೂರಿಸಿದೆ. ಶೆಡ್ಡಿಗೆ ಹೋಗಲಿಲ್ಲ. ಅಲ್ಲೇ ಇವರ ಎದುರು ನೆಲದ ಮೇಲೆ ಕೂತೆ. ಮುರಿದ ನಟ್ಟನ್ನು ಸೆರಗಿನಿಂದ ಬಿಚ್ಚಿ ಇವರ ತೊಡೆಯ ಮೇಲೆ ಇಟ್ಟೆ. ತಪ್ಪು ಒಪ್ಪಿಕೊಂಡಂತೆ ಅಲ್ಲ. ಅವರ ವಸ್ತು ಅವರಿಗೆ, ಅಷ್ಟೇ.

ಎಡಗೈಯಲ್ಲಿ ಎತ್ತಿಕೊಂಡರು. ನಟ್ಟಿನಿಂದ ಹೊರಗೆ ಇಣುಕಿದ್ದ ಬೋಲ್ಟಿನ ತುದಿಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಉಜ್ಜುತ್ತಲೇ ಇದ್ದರು. ಆಮೇಲೆ ಅದನ್ನು ನನ್ನ ಕಣ್ಣ ಹತ್ತಿರ ತಂದು ಹಿಡಿದರು. ತೆಗೆದುಕೊಂಡೆ. ಹಿಂದಿನ ದಿನಗಳಾಗಿದ್ದರೆ ಅಷ್ಟರಲ್ಲಿ ಹತ್ತು ಮಾತು ಆಡಿರುತ್ತಿದ್ದೆ. ಇವತ್ತು ಬಾಯಿಗೆ ಏನೂ ಬರಲಿಲ್ಲವಾದ್ದರಿಂದ ನೋಡಿದೆ.

ತುಕ್ಕು ಹೋಗಿ ಬೋಲ್ಟಿನ ಸುತ್ತುಗೆರೆಗಳು ಕಾಣುತ್ತಿದ್ದವು. ಓರೆಗೆರೆ, ಸಣ್ಣಸಣ್ಣವು, ಒತ್ತೊತ್ತಾಗಿ. ಜೀನ್ಸ್ ಬಟ್ಟೆಯಲ್ಲಿ ಇರುವಂಥವೇ. ಉಗುರು ಆಡಿಸಿದೆ. ಜೀನ್ಸಿನ ಮೇಲ್ಮಗ್ಗುಲಲ್ಲಿ ಗೆರೆ ಎಡದಿಂದ ಬಲಕ್ಕೆ ಏರುತ್ತದೆ. ಇಲ್ಲಿ ಎಡದಿಂದ ಬಲಕ್ಕೆ ಇಳಿಯುತ್ತಿತ್ತು.

ಇದು ಒಳಮಗ್ಗುಲು!

ಎದ್ದು ಶೆಡ್ಡಿಗೆ ಓಡಿದೆ. ಬಲಗಡೆಯ ಚಕ್ರದ ಒಂದು ನಟ್ಟು ಬಿಚ್ಚಿ ಒಳಗಿನ ಬೋಲ್ಟು ನೋಡಿದೆ. ಗೆರೆ ಏರುತ್ತಿತ್ತು. ಅದು ಮೇಲ್ಮಗ್ಗುಲು, ಇದು ಒಳಮಗ್ಗುಲು. ಒಂದೇ ಕಾರು, ಒಂದೇ ಬಟ್ಟೆತಾನಿನ ಎರಡು ಮುಖ. ಎಂಥ ಬುದ್ಧಿವಂತ ಮಾಡಿಟ್ಟನೋ, ಎಡಗಡೆಯ ನಟ್ಟುಗಳು ಉಲ್ಟಾ!

ವಾಪಸು ಬಂದೆ. ಇವರು ಬೆರಳು ಸುತ್ತಿಸುತ್ತಿದ್ದರು. ಎದುರು ನಿಂತು ನೋಡಿದರೆ ಈಗಲೂ ಗಡಿಯಾರಕ್ಕೆ ಎದುರಾಗಿಯೇ ಕಾಣುತ್ತಿತ್ತು. ತಲೆ ಕೆಟ್ಟಿತು. ಕುರ್ಚಿಯ ಹಿಂದಿನಿಂದ ಸುತ್ತಿ ಬಂದು, ಅವರ ಪಕ್ಕದಲ್ಲಿ, ಅವರು ನೋಡುವ ಕಡೆಗೇ ಮುಖ ಮಾಡಿ ಕೂತೆ. ಭುಜಕ್ಕೆ ಭುಜ ತಾಗಿಸಿ ಅವರ ಬೆರಳನ್ನು ನೋಡಿದೆ.

ಗಡಿಯಾರದ ಮುಳ್ಳು ಸುತ್ತುವ ಕಡೆಗೆ.

ಭೇಷ್ ಎನ್ನುತ್ತಿರಲಿಲ್ಲ ಮನುಷ್ಯ. ಹತ್ತು ದಿನದಿಂದ, ‘ಅಯ್ಯೋ ಮಾರಾಯ್ತಿ, ಬಿಚ್ಚುತ್ತಿಲ್ಲ ನೀನು, ಬಿಗಿಯುತ್ತಿದ್ದೀಯ’ ಎನ್ನುತ್ತಿದ್ದರು.

ನಗು ಬಂತು. ಪಕ್ಕದಲ್ಲಿ ಒಂದು ಸದ್ದು ಕೇಳಿಸಿತು. ಕೆಮ್ಮು ಎಂದುಕೊಂಡೆ. ಅಲ್ಲ. ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆಯಲ್ಲ, ನಗು ಆ ಕಡೆಯಿಂದ ಹಾಗೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮಾರ್ಚ್ ೨೮, ಗುರುವಾರ

ಗಾಲಿಕುರ್ಚಿಯನ್ನು ಶೆಡ್ಡಿಗೇ ತಂದೆ. ಮೂರು ದಿನದಿಂದ ಹೀಗೆಯೇ. ನಾನು ಬಿಗಿದದ್ದು ನಾನೇ ಬಿಡಿಸಬೇಕಲ್ಲ, ಅವೇನು ಸುಲಭಕ್ಕೆ ಬರುತ್ತವೆಯೇ? ಎಣ್ಣೆ ಹಾಕುತ್ತೇನೆ. ಇವರು ಅಂಗೈ ತೋರಿಸುತ್ತಾರೆ: ಇರು. ಇರುತ್ತೇನೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತೇನೆ. ಮತ್ತೆ ಅಂಗೈ. ಇರುತ್ತೇನೆ. ಹೊರಗೆ ಯಾರದೋ ಸೈಕಲ್ ಹೋಗುತ್ತದೆ, ಎಲ್ಲೋ ನೀರು ಬೀಳುತ್ತದೆ. ಆಮೇಲೆ ಬೆರಳು ಸುತ್ತುತ್ತದೆ. ಪಾನ ಹಾಕುತ್ತೇನೆ.

ಇವತ್ತು ಕೊನೆಯ ನಟ್ಟೂ ಬಂತು. ಬ್ರೇಕಿನ ಡಬ್ಬಿ ಎಬ್ಬಿಸಲು ಕಾರಿನ ಕೆಳಗೆ ತೂರಿ ಮಲಗಿದೆ. ತಟ್ಟುತ್ತ ತಟ್ಟುತ್ತ ನೆನಪಾಯಿತು, ಇವರಿಗೆ ಈಗ ಕಾಣುತ್ತಿರುವುದು ನನ್ನ ಎರಡು ಅಂಗಾಲು. ಬೆರಳಾಡಿಸಿ ತೋರಿಸಿದೆ. ಕುರ್ಚಿಯ ಹಿಡಿಯ ಮೇಲೆ ಎರಡು ಸಲ ಟಕಟಕ ಎಂದು ಉತ್ತರ ಬಂತು.

ಚಕ್ರ ತಿರುಗಿತು.

ಟೀಚರಮ್ಮ ಬಂದು ಇವರ ಎಡಗೈ ಹಿಡಿದವಳು, “ಅಬ್ಬಾ, ಬಿಡಿ ಸಾರ್, ಬಿಡಿ, ನನ್ನ ಬೆರಳು!” ಎಂದಳು. ನನ್ನ ಕಡೆ ತಿರುಗಿ, “ಏನಮ್ಮಾ, ಇವತ್ತು ಗಂಟಲು ನೋವಾ? ಮಾತೇ ಇಲ್ಲ” ಎಂದಳು. ಗಂಟಲಿಗೆ ಏನೂ ಆಗಿಲ್ಲ. ಯಾಕೆ ಹಾಗೆ ಕೇಳಿದಳೋ.

ಮಾರ್ಚ್ ೩೦, ಶನಿವಾರ

ಮೆಕ್ಯಾನಿಕ್ ನಾಲ್ಕು ಜನರನ್ನು ಕರೆದುಕೊಂಡು ಬಂದ. ಕಥೆ ಕೇಳಿ ಹಣೆ ಚಚ್ಚಿಕೊಂಡ. “ಉಲ್ಟಾ ನಟ್ಟು ನಾನು ಕೇಳಿದ್ದೆ, ಕಂಡಿರಲಿಲ್ಲಮ್ಮಾ. ಪೈಪು ಕೊಟ್ಟು ಮುರಿಸಿದವನು ನಾನು” ಎಂದ. ಮುರಿದ ಬೋಲ್ಟು ಅವನೇ ಹಾಕಿಕೊಡುತ್ತಾನಂತೆ. ನಾನು ಬೇಡ ಎನ್ನಲಿಲ್ಲ. ಬಂದ ಜಮೆಯನ್ನು ಬಿಡುವವಳಲ್ಲ ನಾನು.

ತಳ್ಳುವಾಗ ಸ್ಟೀರಿಂಗ್ ಹಿಡಿಯಲು ಒಬ್ಬರು ಬೇಕು. ಯಾರನ್ನು ಕೂರಿಸಲಿ ಎಂದು ಅವನು ಕೇಳಿದ. ನಾನು ಇವರನ್ನು ನೋಡಿದೆ. ಬೆರಳು ನನ್ನ ಕಡೆ ಬಂತು. ಹೀಗಾಗಿ ಸವತಿಯ ಮಡಿಲಲ್ಲಿ ಮೊದಲ ಸಲ ಕೂತೆ. ಇವರನ್ನು ಎತ್ತಿ ಪಕ್ಕದ ಸೀಟಿನಲ್ಲಿ ಕೂರಿಸಿದರು. ಒಳಗೆ ಎಣ್ಣೆ, ಹಳೆಯ ರೆಕ್ಸಿನ್, ಇವರ ಭಾನುವಾರಗಳ ವಾಸನೆ.

ಎಡ, ಬಲ ಎಂದು ಹಿಂದಿನಿಂದ ನಾಲ್ಕು ಜನ ಕೂಗುತ್ತಿದ್ದರು. ನಾನು ಯಾರ ಮಾತೂ ಕೇಳಲಿಲ್ಲ, ಪಕ್ಕದ ಬೆರಳು ಹೇಳಿದಂತೆ ತಿರುಗಿಸಿದೆ. ಓಣಿಯ ಗೋಡೆಗೆ ತಾಗದೆ ದೊಡ್ಡ ರಸ್ತೆ ಮುಟ್ಟಿದೆವು. ಗ್ಯಾರೇಜಿನ ಹಿತ್ತಲಲ್ಲಿ ನಿಂತಾಗ ನಾನು ಹ್ಯಾಂಡ್‌ಬ್ರೇಕಿಗೆ ಕೈ ಹಾಕಿದೆ. ಇವರ ಎಡಗೈ ಅಡ್ಡ ಬಂದು ನನ್ನ ಕೈಯನ್ನು ಹಿಡಿಯಿತು: ಬೇಡ. ಎಳೆದಿಟ್ಟರೆ ಮತ್ತೆ ಕಚ್ಚಿಕೊಳ್ಳುತ್ತದಲ್ಲ. ಚಕ್ರಕ್ಕೆ ಕಲ್ಲು ಕೊಡಿಸಿದೆ. ಕೈಯನ್ನು ಇವರು ತಕ್ಷಣ ಬಿಡಲಿಲ್ಲ.

ಮೈದುನನಿಗೆ ಫೋನ್ ಮಾಡಿ ಗುಜರಿಯವನು ಬರುವುದು ಬೇಡ ಎಂದೆ. “ಬಾ, ನಿಮ್ಮಣ್ಣನ ಹತ್ತಿರ ಸ್ವಲ್ಪ ಕೂತು ಹೋಗು. ಎದುರಿಗೆ ಕೂರಬೇಡ, ಪಕ್ಕಕ್ಕೆ ಕೂರು” ಎಂದೆ. ಅವನಿಗೆ ಅರ್ಥವಾಗಲಿಲ್ಲ. ಬರುತ್ತೇನೆ ಎಂದ.

ಮಾರ್ಚ್ ೩೧, ಭಾನುವಾರ

ಶೆಡ್ಡು ಖಾಲಿ. ನೆಲದ ಮೇಲೆ ಕಾರಿನ ಆಕಾರದ ಕಲೆ. ಮೈದುನ ಬರಲಿಲ್ಲ.

ಸಂಜೆ ಇಬ್ಬರೂ ಕಿಟಕಿಯ ಹತ್ತಿರ ಕೂತಿದ್ದೆವು. ಇವರು ಬೆರಳೆತ್ತಿ ಸುತ್ತಿಸಿದರು. ನಾನು ಏಳಲಿಲ್ಲ, ಏನೂ ಕೇಳಲಿಲ್ಲ. ಸುಮ್ಮನೆ ಕಾದೆ. ಇನ್ನೊಮ್ಮೆ ಸುತ್ತಿಸಿ, ನಿಧಾನಕ್ಕೆ ಮೇಲೆ ನೋಡಿದರು. ನಾನೂ ನೋಡಿದೆ.

ಈ ಸಲ ಫ್ಯಾನೇ.

ಆರಿಸಿ ಬಂದು ಪಕ್ಕದಲ್ಲಿ ಕೂತೆ.